ಗಂಧ, ಗಂಧೆ

ಮತೊಜಿನ್ಯೋಸ್ ಬಂದರಿನ ಬೀದಿಯಲ್ಲಿ
ಈ ವಾರ ರಾತ್ರಿ ಪಾಳಿ ನನ್ನ ಔಷಧಿ ಅಂಗಡಿಯದು.
ಮಂಜಿನಲ್ಲಿ ಹಸಿರು ಶಿಲುಬೆ ದೀಪ
ಮಿಟುಕುತ್ತ ಕೂತಿದೆ.
ಎರಡು ಗಂಟೆಗೆ ಬೆಲ್ಲು.
ಕಿಂಡಿಯಾಚೆ ಅದೆರಿತೊ, ಮೀನು ಹರಾಜುಕಟ್ಟೆಯವನು,
ರಬ್ಬರು ಬೂಟು ಇನ್ನೂ ಕಳಚಿಲ್ಲ,
ಕೈಯಲ್ಲೊಂದು ತಿಳಿಗುಲಾಬಿ ಡಬ್ಬಿ.

"ಮಗಳ ಕೆನ್ನೆ ನೋಡಿ" ಎಂದು ಫೋನು ಹಿಡಿದ.
ಹನ್ನೊಂದು ವಾರದ ಕೂಸು.
ಕೆನ್ನೆ, ಕಂಕುಳು, ಕತ್ತಿನ ಮಡಿಕೆ,
ಗಂಧ ಸವರಿದಲ್ಲೆಲ್ಲ ಗಂಧೆ ಎದ್ದಿದೆ.

ಉಸಿರು ಸರಾಗವಾ? ಹಾಲು ಕುಡಿದಳಾ? ಜ್ವರ?
ಕೇಳಬೇಕಾದ್ದನ್ನು ಕೇಳಿ ಕನ್ನಡಕ ಏರಿಸಿದೆ.

ಡಬ್ಬಿಯ ಬೆನ್ನ ಮೇಲೆ ಇರುವೆ ಸಾಲು.
ಮೊದಲು ನೀರು. ಹೆಚ್ಚೂಕಡಿಮೆ ಯಾವತ್ತೂ ನೀರೇ.
ಹೆಚ್ಚಿರುವವರು ಪಂಕ್ತಿಯ ಮುಂದೆ,
ಚೂರುಪಾರು ಇರುವವರು ಹಿಂದೆ.
ಗ್ಲಿಸರಿನ್, ಮೇಣ, ಬಾದಾಮಿ ಎಣ್ಣೆ,
ಇವರೆಲ್ಲ ಹೆಸರು ಹೇಳಿ ಒಳಬಂದವರು.
ಬಾಗಿಲ ಬಳಿ, ಮುಸುಕು ಹೊದ್ದು,
ಪರ್ಫ್ಯೂಮ್ ಎಂಬ ಒಂದೇ ಪದ.
ಮುಸುಕು ಎತ್ತಿದರೆ ಮೂವರಿದ್ದಾರು, ಮೂವತ್ತು ಮಂದಿಯೂ ಇದ್ದಾರು.
ನನಗೂ ತಿಳಿಯದು.

"ಡಬ್ಬಿ ಮೇಲೆ ಮಗು ಚಿತ್ರ ಇದೆಯಲ್ಲ?"
ಇದೆ. ಚಿತ್ರದ ಮಗುವಿಗೆ ತುರಿಸುವುದಿಲ್ಲ.
"ಅತ್ತೆ ಲ್ಯಾವೆಂಡರ್ ಎಣ್ಣೆ ಹಚ್ಚು ಅಂದರು.
ಹಿತ್ತಿಲ ಗಿಡದ್ದು, ಏನೂ ಆಗಲ್ಲವಂತೆ."
ನಿನ್ನತ್ತೆಯ ಹಿತ್ತಿಲಲ್ಲಿ ಕಣಗಿಲೆಯೂ ಇದೆ, ಅದೆರಿತೊ.

ನಗಲಿಲ್ಲ. ಕೈಗಳನ್ನು ಜೇಬಿಗೆ ತುರುಕಿಕೊಂಡ.
"ಡಬ್ಬಿ ಆರಿಸಿದ್ದು ನಾನೇ," ಅಂದ, ಬೂಟು ನೋಡುತ್ತ.
"ನಿಂಬೆ, ಉಪ್ಪು, ಕಾಫಿ ಚರಟ,
ಎಲ್ಲ ಹಾಕಿ ಉಜ್ಜಿದೆ. ಬೂತಾಯಿ ವಾಸನೆ
ಚರ್ಮದಿಂದ ಇಳಿಯುವುದೇ ಇಲ್ಲ.
ಈ ಕೈಯಲ್ಲಿ ಹೇಗೆ ಎತ್ತಿಕೊಳ್ಳಲಿ?
ಇದನ್ನು ನನಗೂ ಹಚ್ಚಿಕೊಂಡು, ಅವಳಿಗೂ ಹಚ್ಚಿ,
ಆಮೇಲೇ ಎತ್ತುತ್ತಿದ್ದೆ.
ದಿನಕ್ಕೆ ಆರು ಸಲ."

ಕಿಂಡಿಯ ಗಾಜಿಗೆ ನನ್ನ ಉಸಿರು ಕಟ್ಟಿತು. ಒರೆಸಿದೆ.

ವಾಸನೆಯಿಲ್ಲದ ಜೆಲ್ಲಿ ಕೊಟ್ಟೆ,
ಪಟ್ಟಿಯಲ್ಲಿ ಒಂದೇ ಹೆಸರಿನದು.
ಚೀಟಿಗೆ ಮಗುವಿನ ಹೆಸರು ಕೇಳಿದೆ.
ಬೆನೆದಿತಾ ಲಿಯೊನೋರ್ ಕಿಂತೆಲಾ ಫರಿನ್ಯಾ.
ಸಾಲು ಮುಗಿದರೂ ಹೆಸರು ಮುಗಿಯಲಿಲ್ಲ.
ಉದ್ದ ಇರಬೇಕಾದ್ದು ಅದೊಂದೇ, ಅಂದೆ.
ಬೆಳಗಾದೊಡನೆ ಡಾಕ್ಟರ ಹತ್ತಿರ ಹೋಗು.
ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ.
ಕೈ ತೊಳೆದು ಎತ್ತಿಕೋ, ಸಾಕು.
ಮೀನು ನಾರುತ್ತದೆ ಎಂದು
ಅವಳಿಗೆ ಇನ್ನೂ ಯಾರೂ ಹೇಳಿಲ್ಲ.

ಹೋದ. ಡಬ್ಬಿ ಇಲ್ಲೇ ಬಿಟ್ಟ.
ಮುಚ್ಚಳ ತಿರುಗಿಸಿ ಮೂಸಿದೆ.
ಚೆನ್ನಾಗಿಯೇ ಇದೆ,
ಹಾಳಾದ್ದು.