ಒಂದೋ, ಎರಡೋ

ದಿನಕ್ಕೆ ನೂರು ಸಲ ಕೇಳುವ ಮಾತು ನನ್ನದು:
ಒಂದೋ? ಎರಡೋ?
ಯಾವ ಗಾಜಿನಲ್ಲಿ ಅಕ್ಷರ ತಿಳಿಯಾಗಿದೆ, ಹೇಳಿ.
ಬ್ಯಾಥರ್ಸ್ಟಿನ ಜನ, ಕುರಿಯುಣ್ಣೆ ಕತ್ತರಿಸುವವರು,
ಲಾರಿ ಓಡಿಸುವವರು, ರಿಟೈರಾದ ಟೀಚರುಗಳು
ಕತ್ತಲ ಕೋಣೆಯಲ್ಲಿ ಗದ್ದ ಊರಿ ಕೂತು
ಎರಡು ಅನ್ನುತ್ತಾರೆ, ಅಲ್ಲಲ್ಲ, ಒಂದು ಅನ್ನುತ್ತಾರೆ,
ತಪ್ಪಾದರೆ ಫೇಲು ಮಾಡಿಬಿಟ್ಟೇನೆಂದು ಹೆದರಿ, ಪಾಪ.

ಮೊನ್ನೆ ಡೆಸ್ಮಂಡ್ ಫೋನು ಮಾಡಿದ:
"ನಿಮ್ಮ ಕಡೆಯದೊಂದು ಬಂದಿದೆ, ನೋಡಿ ಹೋಗಿ."
ನಮ್ಮ ಕಡೆಯದು ಅಂದರೆ ಈಶಾಪುರದ್ದು.
ನಮ್ಮ ಕಡೆಗೂ ಈಶಾಪುರಕ್ಕೂ ಎರಡು ರಾತ್ರಿಯ ರೈಲು.
ಇರಲಿ, ಅವನಿಗೆ ಇಂಡಿಯಾ ಎಲ್ಲ ಒಂದೇ ಬೀದಿ.

ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿ ಮಲಗಿಸಿದ್ದ,
ಹೆರಿಗೆ ವಾರ್ಡಿನಿಂದ ತಂದು ತೋರಿಸುವವರ ಹಾಗೆ.
ತ್ರೀ-ನಾಟ್-ತ್ರೀ. ಸಾವಿರದ ಒಂಬೈನೂರ ಐವತ್ತು.
ಕೊರಳ ಬಳಿ ಮೂರು ಸಿಂಹ, ಸವೆದು ಬೆಕ್ಕಾಗಿವೆ.
ಮರದ ಮೈಗೆ ಅಡ್ಡಲಾಗಿ ಒಂದು ಸ್ಕ್ರೂ,
ಮುರಿದ ಮೂಳೆಗೆ ಹಾಕಿದ ಹಾಗೆ.
ಅಗಸೆ ಎಣ್ಣೆಯ ವಾಸನೆ. ನನಗೆ ಹಸಿವಾಯಿತು.

ಮನೆಯ ಉಕ್ಕಿನ ಬೀರುವಿನಲ್ಲಿ ಆಗಲೇ ಮೂರಿವೆ.
ಲಿತ್‌ಗೋದ್ದು, ಇಲ್ಲೇ ಗುಡ್ಡದಾಚೆ ಹುಟ್ಟಿದ್ದು;
ಸ್ವೀಡನ್ನಿನದು, ಕೈಗಡಿಯಾರದಷ್ಟು ಬಿಗಿ;
ರಷ್ಯದ್ದು, ಬೇಲಿಗೂಟದಂಥ ಒರಟು,
ನನಗಿಂತ ತುಸುವೇ ಗಿಡ್ಡ.
ನಾಲ್ಕನೆಯದಕ್ಕೆ ಜಾಗವಿದೆ. ಅದೇ ತೊಂದರೆ.
"ಉಡದ ಸೀರೆ ಯಾಕೆ ಕೂಡಿಡ್ತೀಯ ಅಂದವರು ಯಾರು?"
ಎಂದಳು ಸರ್ವಮಂಗಳ, ಸೊಪ್ಪು ಸೋಸುತ್ತ, ತಲೆಯೆತ್ತದೆ.

ಗುಂಡು ಹಾರಿಸುವುದೂ ಕಡಿಮೆಯೇ ಈಗ.
ಐವತ್ತೆಂಟರ ಕಣ್ಣಿಗೆ ಹಿಂದಿನ ಕಚ್ಚು, ಮುಂದಿನ ಮೊನೆ, ಗುರಿ
ಮೂರೂ ಒಟ್ಟಿಗೆ ಸಿಕ್ಕುವುದಿಲ್ಲ.
ಮೊನೆ ಹಿಡಿದರೆ ಗುರಿ ಮಂಜು.
ಗುರಿ ಹಿಡಿದರೆ ಮೊನೆ ಎರಡು.
ಇದಕ್ಕೆ ಗಾಜಿಲ್ಲ. ನನಗಿಂತ ಚೆನ್ನಾಗಿ ಯಾರು ಬಲ್ಲರು ಇದನ್ನು.

ಅರ್ಜಿಯಲ್ಲೊಂದು ಕಲಮು: ಕಾರಣ.
ಸಂಗ್ರಹ ಎಂದು ಮೂರು ಸಲ ಬರೆದಿದ್ದೇನೆ,
ಸರ್ಕಾರಕ್ಕೆ ಅಷ್ಟು ಸಾಕು.

ಅಪ್ಪ ಚಿತ್ರದುರ್ಗದಲ್ಲಿ ರಿಸರ್ವ್ ಪೊಲೀಸು.
ಬೆಳಿಗ್ಗೆ ರುಜು ಹಾಕಿ ಇಂಥದ್ದನ್ನೇ ಪಡೆಯುತ್ತಿದ್ದ,
ಸಂಜೆ ರುಜು ಹಾಕಿ ಒಪ್ಪಿಸುತ್ತಿದ್ದ.
ಮನೆಗೆ ತಂದದ್ದು ಅದರ ನಂಬರೊಂದನ್ನೇ;
ಮಗ್ಗಿಯ ಜೊತೆ ನಮಗೂ ಬಾಯಿಪಾಠ:
ನಾಲ್ಕು ಏಳು ಒಂದು ಸೊನ್ನೆ ಆರು.
ಬಲಹೆಗಲಲ್ಲಿ ಕಪ್ಪನೆಯ ಜಡ್ಡು,
ಭಾನುವಾರ ನಾವು ಎಣ್ಣೆ ತಿಕ್ಕುವ ಜಾಗ.
"ಹಾಳಾದ್ದು, ಹೊತ್ತೂ ಹೊತ್ತೂ..." ಅನ್ನುತ್ತಿದ್ದ.
ಪ್ರೀತಿಯ ಮಾತೇನೂ ಅಲ್ಲ.
ಒಮ್ಮೆ ಮೆರವಣಿಗೆಯ ಬಂದೋಬಸ್ತಿಗೆ ಐದು ಗುಂಡು ಒಯ್ದು
ನಾಲ್ಕು ಒಪ್ಪಿಸಿದ.
ರಿಜಿಸ್ಟರಿನಲ್ಲೂ ಕಾರಣದ ಕಲಮು ಇತ್ತಂತೆ.
ಏನು ಬರೆದನೋ.
ಆ ರಾತ್ರಿ ಊಟಕ್ಕೆ ಕೂತು ಅನ್ನ ಕಲಸಿದ,
ಕಲಸಿದ, ಕಲಸುತ್ತಲೇ ಇದ್ದ.

ಕನ್ನಡಕ ಹಣೆಗೇರಿಸಿ ನಂಬರು ಓದಿದೆ,
ಯಾವ ಬಂದೂಕಿನಲ್ಲೂ ನಾನು ಮೊದಲು ಓದುವುದು ಅದನ್ನೇ.
ಅದಲ್ಲ. ಹತ್ತಿರವೂ ಇಲ್ಲ.
ಅದೇ ಆಗಿದ್ದರೆ?
ಅಲ್ಲೇ ಬಿಟ್ಟು ಓಡಿ ಬರುತ್ತಿದ್ದೆನೇನೋ.
ಅಲ್ಲವಾದ್ದರಿಂದ ಕೈಗೆತ್ತಿಕೊಂಡೆ.
ನಾಲ್ಕು ಕಿಲೋ. ಹುಟ್ಟಿದಾಗ ನನ್ನ ಮಗಳು ಇದಕ್ಕಿಂತ ಹಗುರ.
ದಿಮ್ಮಿಯ ಒಂದು ಕಡೆ ಯಾರದೋ ಕೆನ್ನೆ ಸವೆಸಿದ ನುಣುಪು.

ಸಾವಿರದ ನೂರೈವತ್ತು ಡಾಲರು.
"ಶನಿವಾರದವರೆಗೆ ಇಟ್ಟಿರು" ಅಂದೆ.
ಡೆಸ್ಮಂಡ್ ಚೀಟಿ ಕಟ್ಟಿದ,
ನನ್ನ ಹೆಸರನ್ನು ಎಂದಿನಂತೆ ತಪ್ಪು ಬರೆದು.

ಇವತ್ತು ಗುರುವಾರ. ಹುಲ್ಲಿನ ಮೇಲೆ ಹಿಮ ಉಪ್ಪಿನಂತೆ ಕೂತಿದೆ.
ಮಿಸೆಸ್ ಟ್ರೆಲೋರ್, ಎಂಬತ್ತಾರು ವರ್ಷ,
ಗದ್ದ ಊರಿದ್ದಾರೆ.
ಒಂದೋ? ಗಾಜು ತಿರುಗಿಸುತ್ತೇನೆ. ಎರಡೋ?
ಬಹಳ ಹೊತ್ತು ಸುಮ್ಮನಿದ್ದು
"ಇನ್ನೊಮ್ಮೆ ಮೊದಲಿನದು ತೋರಿಸಪ್ಪ" ಅಂದರು.