ಖೋಡದದಲ್ಲಿ ಗದ್ದಲ ಹುಡುಕುವ ಕೆಲಸ

ನಾರಾಯಣಗಾಂವದಿಂದ ಒಳಗೆ ಹೊರಳಿದರೆ
ದ್ರಾಕ್ಷಿ, ಟೊಮೆಟೊ, ಆಮೇಲೆ ಬರೀ ಕಬ್ಬು,
ಕಬ್ಬಿನ ನಡುವೆ ಮುಗಿಲಿಗೆ ಬಾಯಿ ತೆರೆದ ಬೋಗುಣಿಗಳು.
ಇಲ್ಲಿ ನನ್ನ ಕೆಲಸ ಆಕಾಶ ಕೇಳುವುದಲ್ಲ,
ಅದಕ್ಕೆ ಓದಿದವರಿದ್ದಾರೆ.
ನಾನು ನೆಲದ ಗದ್ದಲ ಹುಡುಕುವವನು.

ಎಲ್ಲೋ ಒಂದು ಪಂಪಿನ ಸ್ಟಾರ್ಟರ್ ಕಿಡಿ ಕಾರಿದರೆ,
ಯಾರದೋ ಟ್ಯೂಬ್‌ಲೈಟಿನ ಚೋಕು ಹಲ್ಲು ಕಡಿದರೆ
ಸಾವಿರಾರು ವರ್ಷ ನಡೆದು ಬಂದ ನಕ್ಷತ್ರದ ಮಾತು
ನಮ್ಮ ಹೊಸ್ತಿಲಿಗೆ ಬಂದು ಮುಗ್ಗರಿಸುತ್ತದೆ.
ಆಗ ನನ್ನನ್ನು ಎಬ್ಬಿಸುತ್ತಾರೆ.
ಕೈಯಲ್ಲೊಂದು ಪುಟ್ಟ ಆಂಟೆನಾ, ಕಾಲಿಗೆ ಗಮ್‌ಬೂಟು.
ಫೋನು ಇಲ್ಲ, ಅದೂ ಗದ್ದಲವೇ.

ಕೋಣೆಯಲ್ಲಿ ಸುಗುಣಜ್ಜಿಯ ಪುಸ್ತಕವಿದೆ,
ಬೆಟಗೇರಿಯ ಮಿಶನ್ ಓಣಿಯಲ್ಲಿ ಕಂದೀಲಿನ ಕೆಳಗೆ
ಬೆರಳಿಟ್ಟು ಬೆರಳಿಟ್ಟು ಓದಿ ಅಂಚು ಕಪ್ಪಾದದ್ದು.
ಹುಳ ತಿಂದಿದೆ. ಮುಗಿಲಿನ ಕೀರ್ತನೆಯಲ್ಲಿ,
ಹುಡುಕಿಕೊಂಡು ಬಂದಂತೆ ಅಲ್ಲೇ, ಒಂದು ತೂತು.
ತೂತಿನೊಳಗಿಂದ ಮೂರು ಹಾಳೆ ಕೆಳಗಿನ ‘ಳ’
ಮೇಲೆದ್ದು ಸಾಲಿನಲ್ಲಿ ಕೂತಿದೆ,
ಬೇರೆ ಮನೆಯ ಕೂಸು ನಮ್ಮ ಪಂಕ್ತಿಯಲ್ಲಿ ಉಣ್ಣಲು ಕೂತ ಹಾಗೆ.
ಅಜ್ಜಿ ಅಲ್ಲಿ ತಡೆಯುತ್ತಿರಲಿಲ್ಲ, ಬಾಯಿಪಾಠ ಇತ್ತು.
ನನಗಿಲ್ಲ. ಪ್ರತಿ ಸಲ ಆ ‘ಳ’ದೊಳಗೆ ಬೀಳುತ್ತೇನೆ.

ನಂಬುತ್ತೀಯೋ ಅಂದರೆ ಏನು ಹೇಳಲಿ?
ಅವಳನ್ನು ಮಣ್ಣಿಗಿಟ್ಟ ದಿನ ಅಯ್ಯನವರು ಓದಿದ್ದು
ಒಂದಕ್ಷರ ಕಿವಿಗೆ ಬೀಳಲಿಲ್ಲ.
ಆಚೆ ಓಣಿಯ ಮಗ್ಗ ಮಾತ್ರ, ಖಟಪಟ, ಖಟಪಟ.

ಈ ಬೋಗುಣಿಗಳನ್ನು ಹತ್ತಿರದಿಂದ ನೋಡಿದರೆ ನಗು ಬರುತ್ತದೆ,
ಬರೀ ತಂತಿಬಲೆ. ಮಳೆ ಹಾದುಹೋಗುತ್ತದೆ, ಬಿಸಿಲು ಹಾದುಹೋಗುತ್ತದೆ.
“ಸೋರುತ್ತದಲ್ಲ ಸಾಹೇಬರೆ,” ಅಂದಿದ್ದೆ ಮೊದಲ ದಿನ.
“ಉದ್ದನೆಯ ಅಲೆಗೆ ಸಣ್ಣ ತೂತು ಕಾಣುವುದಿಲ್ಲ,”
ಅಷ್ಟೇ ಹೇಳಿ ಡೋಂಗರೆಯವರು ಚಹಾಕ್ಕೆ ಹೋದರು.
ಹನ್ನೊಂದು ವರ್ಷದಿಂದ ಅದನ್ನೇ ಜಗಿಯುತ್ತಿದ್ದೇನೆ.

ಮೊನ್ನೆ ಕಾರ್ತೀಕದ ಅಮಾವಾಸ್ಯೆ, ಜಾಡು ಹಿಡಿದು ಹೊರಟವನು
ಹೌಸಾಬಾಯಿಯ ಆಡಿನ ದೊಡ್ಡಿಗೆ ಬಂದು ಮುಟ್ಟಿದೆ.
ಚಿರತೆ ಬಾರದಿರಲೆಂದು ಗೂಟಕ್ಕೆ ಕಟ್ಟಿದ ಬಲ್ಬು,
ಹರಕು ವಯರಿನ ಬೆಸುಗೆಯಲ್ಲಿ ಚಿಟಚಿಟ ಕಿಡಿ.
ಇಷ್ಟೇ. ಒಂದಿಡೀ ನಕ್ಷತ್ರಮಂಡಲಕ್ಕೆ ಅಡ್ಡ ನಿಂತದ್ದು
ಒಂದು ಮುದುಕಿಯ ಅಂಜಿಕೆ.

ಆರಿಸಿ ಟೇಪು ಸುತ್ತುವಷ್ಟು ಹೊತ್ತು ಕತ್ತಲೆ.
ಮುಗಿಲು ಒಮ್ಮೆಲೇ ಕೆಳಗಿಳಿಯಿತು,
ಪಡುವಣಕ್ಕೆ ವಾಲಿದ ಕೃತ್ತಿಕೆ, ರೋಹಿಣಿ,
ಆಮೇಲೆ ನನಗೆ ಹೆಸರು ತಿಳಿಯದವು,
ಆಡುಗಳ ಬೆನ್ನಿನ ತನಕ.
ಅವಳು ಕುಡಗೋಲು ಹಿಡಿದು ಕಬ್ಬಿಗೆ ಕಿವಿಗೊಟ್ಟು ನಿಂತಿದ್ದಳು.
“ನಿಮ್ಮ ಆ ದೊಡ್ಡ ಕಿವಿಗಳಿಗೆ ಏನು ಕೇಳುತ್ತದಪ್ಪಾ?”
“ಸರಸರ. ಚುರುಮುರಿ ಹುರಿದ ಹಾಗೆ.”
“ಅದು ಗಾಳಿ,” ಅಂದಳು.
“ಸದ್ದಾದರೆ ಗಾಳಿ.
ಸದ್ದು ನಿಂತರೆ ಬಂದಿದೆ ಅಂತ ಲೆಕ್ಕ.”

ಕಬ್ಬು ಆಗ ನಿಂತಿತು.

ಎಷ್ಟು ಹೊತ್ತೋ. ಆಡೊಂದು ಮೆಲುಕು ಮರೆಯಿತು.
ನನ್ನ ಕೈಯ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.
ಅಂಜಿಕೆಗೂ ಇನ್ನೊಂದಕ್ಕೂ ನಡುವಿನ ಗೋಡೆ,
ಆ ಇನ್ನೊಂದನ್ನು ಅಜ್ಜಿ ಏನೆಂದು ಕರೆಯುತ್ತಿದ್ದಳೋ ಅದು,
ಇಷ್ಟು ತೆಳ್ಳಗೆಂದು ಯಾರೂ ಹೇಳಿರಲಿಲ್ಲ.
ಆಮೇಲೆ ಒಂದು ಎಲೆ ಅಲುಗಿತು.
“ಹಾಕು ದೀಪ,” ಅಂದಳು. ಹಾಕಿದೆ.

ದಫ್ತರದಲ್ಲಿ ಬರೆದೆ:
ಬಲ್ಬು, ಸಡಿಲು ವಯರು, ಸರಿಯಾಯಿತು, ರಾತ್ರಿ ಎರಡೂ ನಲವತ್ತು.
ಕಬ್ಬು ನಿಂತದ್ದಕ್ಕೆ ಅಲ್ಲಿ ಕಾಲಮ್ಮು ಇಲ್ಲ.

ಕೋಣೆಗೆ ಬಂದು ಬೂಟು ಕಳಚಿ ಪುಸ್ತಕ ತೆರೆದೆ.
ತೂತು ಇದ್ದಲ್ಲೇ ಇತ್ತು, ‘ಳ’ ಇದ್ದಲ್ಲೇ ಕೂತಿತ್ತು.
ದಾಟಲಿಲ್ಲ, ಬೀಳಲೂ ಇಲ್ಲ,
ಅದರ ಪಕ್ಕ ಸ್ವಲ್ಪ ಹೊತ್ತು ಕೂತೆ.

ಹೊರಗೆ ಬೋಗುಣಿಗಳು ಕಿರ್ ಎಂದು
ಒಟ್ಟಿಗೇ ಕತ್ತು ಹೊರಳಿಸಿದವು,
ಕಬ್ಬಿನ ಕಡೆ ಹೊರಳಿದ ಆಡುಗಳ ಹಾಗೆ.