ನಲವತ್ತೊಂದನೆಯ ಕಿವಿ

ತಾರ್ತು ಊರಿನಲ್ಲಿ ಫೆಬ್ರವರಿ. ಕಿಟಕಿಯಾಚೆ
ಹೊಳೆ ಹೆಪ್ಪುಗಟ್ಟಿ ಮಾತು ಬಿಟ್ಟಿದೆ.
ಒಳಗೆ, ಸದ್ದು ನುಂಗುವ ಸ್ಪಂಜಿನ ಗೂಡಿನಲ್ಲಿ
ರಿಮ್ಮಾ ಕೂತಿದ್ದಾಳೆ, ಕೋಟು ಬಿಚ್ಚದೆ.
ಅರವತ್ತೆರಡು ವರ್ಷ. ನಾರ್ವಾದವಳು. ಮನೆಮಾತು ರಷ್ಯನ್.
ಎಸ್ಟೋನಿಯನ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ.
ಬೆಳಗಿನ ಬಸ್ಸು ಹತ್ತಿ ಬಂದದ್ದು
ವಿಜ್ಞಾನಕ್ಕಲ್ಲ, ಹದಿನೈದು ಯೂರೋ ಕೂಪನ್ನಿಗೆ.
ಹಾಗಂತ ಅವಳೇ ಹೇಳಿದಳು, ಸಹಿ ಹಾಕುತ್ತಾ.

ಗಾಜಿನಾಚೆ ಉರ್ವೆ. ಎಂಟು ವರ್ಷದಿಂದ
ಒಂದೇ ಪ್ರಶ್ನೆಗೆ ಕಿವಿಗೊಟ್ಟವಳು:
ಹುಟ್ಟಿದ ಭಾಷೆ ಬಾಗಿಲು ಹಾಕಿಕೊಂಡ ಮೇಲೆ
ಇನ್ನೊಂದು ಯಾವ ಸಂದಿಯಿಂದ ಒಳಗೆ ಬರುತ್ತದೆ?

ನಮಗೆ ಹ್ರಸ್ವ ಗೊತ್ತು, ದೀರ್ಘ ಗೊತ್ತು.
ಪ್ಲುತ ವ್ಯಾಕರಣದ ಮೂಲೆಯಲ್ಲಿ ಮಲಗಿರುತ್ತದೆ,
ದೂರ ಹೋದವರನ್ನು ಕೂಗುವಾಗಷ್ಟೇ ಎದ್ದು ಬರುತ್ತದೆ.
ಇಲ್ಲಿ ಮೂರನೆಯ ಉದ್ದವೂ ದಿನದ ಮಾತು.
ಲಿನ ಎಂದರೆ ಹಾಸಿಗೆಗೆ ಹಾಸುವ ನಾರುಬಟ್ಟೆ.
ಲಿನ್ನ ಎಂದರೆ ಊರಿನ.
ಇನ್ನೊಂದೆಳೆ ಎಳೆದರೆ, ಲಿನ್‌ನ್ನ: ಊರಿಗೆ.
ಕೊನೆಯ ಎರಡಕ್ಕೂ ಬರಹ ಒಂದೇ,
ಉಳಿದದ್ದು ಬಾಯಿಗೂ ಕಿವಿಗೂ ಬಿಟ್ಟದ್ದು.
ಊರಿನವಳೋ ಊರಿಗೆ ಬಂದವಳೋ
ತೀರ್ಮಾನವಾಗುವುದು ರೆಪ್ಪೆ ಬಡಿಯುವುದರೊಳಗೆ.

ಹೆಡ್‌ಫೋನಿನಲ್ಲಿ ಯಂತ್ರದ ದನಿ.
ಯಾರ ಗಂಟಲಿನದೂ ಅಲ್ಲ; ಉರ್ವೆ ಅದನ್ನು
ಹಿಗ್ಗಿಸಿ, ಕುಗ್ಗಿಸಿ, ಹತ್ತು ಮಿಲಿಸೆಕೆಂಡಿಗೊಮ್ಮೆ
ಕತ್ತರಿ ಹಾಕಿ ಮತ್ತೆ ಹೊಲಿದದ್ದು.
ಕೇಳಿ. ಒತ್ತಿ. ಎಡ, ಊರಿನ. ಬಲ, ಊರಿಗೆ.
ಕೇಳಿ. ಒತ್ತಿ.
ಇನ್ನೂರ ನಲವತ್ತು ಸಲ.

ರಿಮ್ಮಾ ಎಡವನ್ನೇ ಒತ್ತುತ್ತಾಳೆ. ಬೇಸರ ಬಂದಾಗ ಬಲ.
ತೆರೆಯ ಮೇಲಿನ ಗೆರೆ ಏಳುವುದಿಲ್ಲ, ಬೀಳುವುದಿಲ್ಲ.
ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು.

ಬಿಡುವಿನಲ್ಲಿ ಚಹಾ.
"ಆ ಹುಡುಗಿಗೆ ಮುಖ ಯಾಕಿಲ್ಲ?"
ಯಾವ ಹುಡುಗಿ?
"ಕಿವಿಯೊಳಗಿನವಳು."

ಆಮೇಲೆ ಹೊರಬಿತ್ತು, ಬಿಸ್ಕತ್ತು ಅದ್ದುತ್ತಾ:
ನೂಲಿನ ಗಿರಣಿಯಲ್ಲಿ ಇಪ್ಪತ್ತಾರು ವರ್ಷ.
ಮಗ್ಗಗಳ ಬಡಿತಕ್ಕೆ ಕಿವಿ ಅರ್ಧ ಅಲ್ಲೇ ಉಳಿಯಿತು.
(ಶ್ರವಣದೋಷ? ಅರ್ಜಿಯಲ್ಲಿ 'ಇಲ್ಲ' ಎಂದೇ ಗುರುತು,
ಕೂಪನ್ ತಪ್ಪೀತೆಂದು.)
"ಅಲ್ಲಿ ಕಿವಿಯಿಂದ ಯಾರು ಕೇಳುತ್ತಿದ್ದರು ಮಗಳೇ,
ನಾಲ್ಕು ಮಗ್ಗದಾಚೆಯವಳ ತುಟಿ ನೋಡಿದರೆ ಸಾಕು:
ಗಂಡ ಕುಡಿದು ಬಂದದ್ದು, ಮಗುವಿಗೆ ಜ್ವರ,
ಮೇಸ್ತ್ರಿ ಈ ಕಡೆ ಬರುತ್ತಿರುವುದು.
ಆ ಗಾಜಿನಾಚೆ ನಿಂತು ನೀನೇ ಹೇಳು ನೋಡೋಣ."

ಇದು ನಿಯಮದಲ್ಲಿಲ್ಲ.
ಉರ್ವೆ ಮೈಕು ಆರಿಸಿ ನಿಂತಳು.
ಊರಿನ, ಊರಿಗೆ, ಊರಿಗೆ, ಊರಿನ,
ಬಾಯಿಗೆ ಬಂದ ಹಾಗೆ ಇಪ್ಪತ್ತು ಸಲ.
ಆಚೆ ಕೈ ಎದ್ದಿತು: ಎಡ, ಬಲ, ಬಲ, ಎಡ.
ಇಪ್ಪತ್ತಕ್ಕೆ ಹತ್ತೊಂಬತ್ತು.
ಆ ಒಂದು ತಪ್ಪು, ಉರ್ವೆ ನಡುವೆ ಸೀನಿದ್ದಕ್ಕೆ.

"ಊರಿಗೆ ಅನ್ನುವಾಗ ನಿನ್ನ ಗದ್ದ
ಒಂದು ಚೂರು ತಡೆದು ಇಳಿಯುತ್ತೆ,
ಎಳೆ ತುಂಡಾಗುವ ಮುಂಚೆ ಮಗ್ಗ ತಡವರಿಸುವ ಹಾಗೆ."
ಉರ್ವೆ ಗದ್ದ ಮುಟ್ಟಿ ನೋಡಿಕೊಂಡಳು,
ಮೂವತ್ತನಾಲ್ಕು ವರ್ಷದಿಂದ ಜೊತೆಗಿದ್ದದ್ದನ್ನು.

ಸಂಜೆ ಕಡತದಲ್ಲಿ ಒಂದು ಸಾಲು:
ನಲವತ್ತೊಂದು, ಶ್ರವಣದೋಷ, ಕೈಬಿಡಲಾಗಿದೆ.
ಗದ್ದಕ್ಕೆ ಕಾಲಮ್ಮಿಲ್ಲ.
ಒಂದನ್ನು ಸೇರಿಸಲು ಹೋಗಿ, ಹೆಸರು ಹೊಳೆಯದೆ
ಕರ್ಸರು ಮಿಣುಕುತ್ತಾ ಉಳಿಯಿತು.

ರಸ್ತೆಯಾಚೆ ಬಸ್ ನಿಲ್ದಾಣ. ದೀಪದ ಕೆಳಗೆ ರಿಮ್ಮಾ,
ಕಿಟಕಿಯತ್ತ ತಿರುಗಿ ಏನೋ ಅಂದಳು.
ಮತ್ತೆ ಅಂದಳು, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ,
ತುಟಿಯನ್ನು ಅಗಲಕ್ಕೆ ತೆರೆದು.
ಉರ್ವೆ ಹಣೆಯನ್ನು ಗಾಜಿಗೊತ್ತಿ ನೋಡುತ್ತಾಳೆ.
ಉಸಿರಿಗೆ ಗಾಜು ಮಸುಕಾಗುತ್ತದೆ, ಒರೆಸುತ್ತಾಳೆ.
ಎಡವೋ. ಬಲವೋ.

ಬಸ್ಸು ಬಂತು.